ಕಾಶಿಯಲ್ಲಿ ಬಿಟ್ಟುಬಂದ ಮುದ್ದೆ

ಹೋದ ಪುಷ್ಯ ಮಾಸದಲ್ಲಿ ತಂಗಿಯ ಮೊಮ್ಮಗ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಂಗಳೂರಿನಿಂದ ಊರಿಗೆ ಹೊರಟಿದ್ದ. ದೊಡ್ಡಬಳ್ಳಾಪುರ ಇನ್ನೂ ಎರಡು ಮೈಲಿ ಇದೆ ಅನ್ನುವಾಗ ರಸ್ತೆ ಪಕ್ಕದ ಹೋಟೆಲೊಂದರ ಮುಂದೆ ಗಾಡಿ ನಿಲ್ಲಿಸಿ, "ಅಜ್ಜಿ, ಇಲ್ಲಿ ಮುದ್ದೆ ಬೊಂಬಾಟಾಗಿರ್ತದೆ, ಉಂಡ್ಕೊಂಡೇ ಹೋಗೋಣ" ಎಂದ. ಒಳಗೆ ಹೋಗಿ ಕೂತೆವು. ಅಡಿಗೆಮನೆಯಿಂದ ಕುದಿಯುವ ರಾಗಿಹಿಟ್ಟಿನ ವಾಸನೆಯೂ ಅದರ ಬೆನ್ನಿಗೇ ಹಿತುಕಿದ ಅವರೆಬೇಳೆ ಸಾರಿನ ವಾಸನೆಯೂ ಬಂದವು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಪಾಪ, ಹುಡುಗ ಗಾಬರಿಯಾಗಿ ಹಿಂದೆಯೇ ಓಡಿಬಂದ. "ಏನಿಲ್ಲ ಕಣಪ್ಪ, ನೀನು ಉಣ್ಣೋಗು, ನನಗೊಂದು ಲೋಟ ಮಜ್ಜಿಗೆ ಕಳಿಸು" ಎಂದೆ. ಮುದ್ದೆ ತಿನ್ನದವಳೇನಲ್ಲ ನಾನು. ರಾಗಿ ತಿಂದೇ ಎಂಬತ್ತರ ಹತ್ತಿರ ಬಂದಿದ್ದೇನೆ. ಆದರೆ ಅವರೆಕಾಯಿ ಕಾಲದಲ್ಲಿ, ಮಧ್ಯಾಹ್ನದ ಹೊತ್ತು, ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ಇವತ್ತಿಗೂ ಅಲ್ಲಿ ಕೂರಲಾರೆ. ಅದು ಏಕೆ ಎಂದು ಯಾರಿಗೂ ಹೇಳಿಲ್ಲ. ಕೇಳಿದವರೂ ಇಲ್ಲ. ಈಗ ಬರೆದಿಡುತ್ತಿದ್ದೇನೆ.

ನಮ್ಮ ಯಜಮಾನರ ಹೆಸರು ನಂಜಪ್ಪ. ಗಂಡನ ಹೆಸರು ಹೇಳಬಾರದೆಂದು ಬಹಳ ಕಾಲ ಬಾಯಿ ಬಿಗಿಹಿಡಿದಿದ್ದೆ. ಈ ವಯಸ್ಸಿನಲ್ಲಿ ನನ್ನನ್ನು ಕೇಳುವವರು ಯಾರು? ದೊಡ್ಡಬೆಳವಂಗಲದ ಪಕ್ಕದ ಹಳ್ಳಿ ಅವರದು, ಹೊಲ ಮನೆ ಇದ್ದ ಒಕ್ಕಲು ಮನೆತನ. ಮನೆಯಲ್ಲಿ ಮೊದಲು ಇಂಗ್ಲಿಷ್ ಓದಿದವರು ಇವರೇ. ಯುದ್ಧ ಶುರುವಾದ ಮೇಲೆ ಸಿಪಾಯಿಗಳಿಗೆ ಸಾಮಾನು ಸರಬರಾಜು ಮಾಡುವ ಆಫೀಸಿನಲ್ಲಿ ಗುಮಾಸ್ತರಾದರು. ನಲವತ್ತೊಂದರಲ್ಲಿ ನಮ್ಮ ಮದುವೆ. ಆಮೇಲೆ ಐದು ವರ್ಷದಲ್ಲಿ ನಾಲ್ಕು ಪಟ್ಟಣ: ಬೆಂಗಳೂರು, ಮದರಾಸು, ಕಲ್ಕತ್ತ, ಬೊಂಬಾಯಿ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಹಿತ್ತಾಳೆ ಚೊಂಬು ಹೊತ್ತುಕೊಂಡು ತಿರುಗಿದ್ದೇ ತಿರುಗಿದ್ದು.

ಅವರದೊಂದು ಪದ್ಧತಿ ಇತ್ತು. ಹೊಸ ಊರಿಗೆ ಹೋದ ಮೊದಲ ಭಾನುವಾರ ಮನೆಯಲ್ಲಿ ಒಲೆ ಹಚ್ಚಕೂಡದು. "ಇವತ್ತು ಊರೇ ನಮಗೆ ಅಡಿಗೆ ಮಾಡ್ತದೆ, ನಡಿಯೇ ಜಯ" ಎಂದು ಬೆಳಿಗ್ಗೆಯೇ ಕೋಟು ಹಾಕಿಕೊಂಡು ನಿಲ್ಲುತ್ತಿದ್ದರು. ಬೆಂಗಳೂರಿನಲ್ಲಿ ಅರಳೇಪೇಟೆಯ ಬಾಡಿಗೆ ಕೋಣೆಯಿಂದ ನಡೆದುಕೊಂಡು ಲಾಲ್‌ಬಾಗಿಗೆ ಹೋದೆವು. ಗಾಜಿನ ಮನೆ ನೋಡಿ, ವಾಪಸು ಬರುವಾಗ ಒಂದು ಹೋಟೆಲಿಗೆ ನುಗ್ಗಿದರು. ಹೆಂಗಸರು ಕೂರಲು ಮೂಲೆಯಲ್ಲಿ ಪರದೆ ಕಟ್ಟಿದ ಜಾಗ. ಹುಟ್ಟಿದಂದಿನಿಂದ ಹೋಟೆಲು ಕಂಡವಳಲ್ಲ ನಾನು. ಯಾರಾದರೂ ನಮ್ಮೂರಿನವರು ನೋಡಿದರೆ ಮಾನ ಹೋಯಿತು ಎಂದು ಸೆರಗು ಮೂಗಿನ ತನಕ ಎಳೆದುಕೊಂಡಿದ್ದೆ. ಮಸಾಲೆ ದೋಸೆ ಬಂತು. ಮೊದಲ ತುತ್ತಿಗೇ ಸೆರಗು ಜಾರಿದ್ದು ಗೊತ್ತಾಗಲಿಲ್ಲ. ಅವರು ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕರು. ಮಸಾಲೆ ಬೀಳದ ಕೊನೆಯ ಚೂರನ್ನೂ ಬಿಡದೆ ತಿಂದು, ಇನ್ನೊಂದು ತರಿಸಿ ಎಂದು ನಾನೇ ಕೇಳಿದೆನಂತೆ. ಅದನ್ನು ಆಮೇಲೆ ಎಲ್ಲರಿಗೂ ಹೇಳಿಕೊಂಡು ನನ್ನ ಮರ್ಯಾದೆ ತೆಗೆದರು.

ಮದರಾಸಿನಲ್ಲಿ ಟ್ರಾಮು ಹತ್ತಿ ಸಮುದ್ರಕ್ಕೆ ಹೋಗುತ್ತಿದ್ದೆವು. ಜಪಾನಿನವರು ಬಾಂಬು ಹಾಕುತ್ತಾರೆಂದು ಅರ್ಧ ಊರು ಖಾಲಿಯಾಗಿತ್ತು. ಇವರಿಗೆ ಅದೂ ತಮಾಷೆ. "ನೋಡು, ಎಷ್ಟು ಜಾಗ! ಸಮುದ್ರ ಪೂರಾ ನಮಗೇ ಬಿಟ್ಟವ್ರೆ." ಮರಳಿನ ಮೇಲೆ ಕೂತು ಕಡಲೆ ಉಸಲಿಯನ್ನು ಎಲೆಯಲ್ಲಿ ತಿನ್ನುವಾಗ ತೆಂಗಿನ ತುರಿಯ ಜೊತೆ ಮರಳೂ ಹಲ್ಲಿಗೆ ಸಿಕ್ಕುತ್ತಿತ್ತು. ನನಗೆ ತಮಿಳು ಬಾರದು, ಅವರಿಗೆ ಅರ್ಧಂಬರ್ಧ. ಆದರೂ ಉಸಲಿ ಮಾರುವವಳ ಹತ್ತಿರ ಅವಳ ಸೊಸೆಯ ಜಗಳದ ತನಕ ಕೇಳಿಕೊಂಡು ಬರುತ್ತಿದ್ದರು. ಆ ಮನುಷ್ಯನಿಗೆ ಊರೂರಲ್ಲೂ ನೆಂಟರು.

ಕಲ್ಕತ್ತೆಗೆ ವರ್ಗವಾದಾಗ ಊರಿಗೆ ಹೋಗಿ ತಾಯಿಯನ್ನೂ ಕರೆತಂದರು. ನಮ್ಮ ಅತ್ತೆ ಮುನಿಯಮ್ಮನವರು. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನು ಹೊಲ ಉಳಿಸಿ ಓದಿಸಿದ ಗಟ್ಟಿ ಹೆಂಗಸು. ಕಾಶಿಯಲ್ಲಿ ಮಾವನವರ ಹೆಸರಿಗೆ ಪಿಂಡ ಇಡಬೇಕೆನ್ನುವುದು ಅವರ ಒಂದೇ ಆಸೆ. "ಕಲ್ಕತ್ತದಿಂದ ಬರೋವಾಗ ದಾರೀಲೇ ಸಿಗ್ತದೆ ಕಣವ್ವ ಕಾಶಿ, ಬಾ" ಎಂದು ಹೊರಡಿಸಿದ್ದರು. ಕಲ್ಕತ್ತದ ಮೊದಲ ಭಾನುವಾರ ಮಾತ್ರ ಚೆನ್ನಾಗಿ ನಡೆಯಲಿಲ್ಲ. ಮಣ್ಣಿನ ಕುಡಿಕೆಯಲ್ಲಿ ರಸಗುಲ್ಲ ಕೊಂಡು ಅಂಗಡಿಯಿಂದ ಇಳಿಯುತ್ತಿದ್ದಂತೆ, ಬರಿ ಮೂಳೆಯಾಗಿದ್ದ ಒಬ್ಬ ಹೆಂಗಸು ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಕೈಚಾಚಿದಳು. ಬಂಗಾಳದ ಕ್ಷಾಮ ಮುಗಿಯಿತೆಂದು ಪೇಪರಿನವರು ಹೇಳುತ್ತಿದ್ದರು, ಬೀದಿಯಲ್ಲಿ ಮುಗಿದಿರಲಿಲ್ಲ. ಅವಳು ಕೇಳಿದ್ದು ಅನ್ನವನ್ನಲ್ಲ, ಅನ್ನ ಬಸಿದ ಗಂಜಿಯನ್ನು. ಇವರು ಕುಡಿಕೆಯನ್ನು ಅವಳ ಕೈಗಿಟ್ಟು, ಬಂದ ದಾರಿಯಲ್ಲೇ ಮನೆಗೆ ತಿರುಗಿದರು. ಅತ್ತೆ ಅಂದಿನಿಂದ ನಮ್ಮ ಮನೆಯ ಗಂಜಿಯನ್ನು ಚೆಲ್ಲಲು ಬಿಡಲಿಲ್ಲ, ಬಾಗಿಲಲ್ಲಿ ಪಾತ್ರೆ ಇಟ್ಟುಕೊಂಡು ಕೂರುತ್ತಿದ್ದರು.

ಒಂದು ವರ್ಷ ಕಳೆದು ಬೊಂಬಾಯಿಗೆ ವರ್ಗದ ಕಾಗದ ಬಂತು. ದಾರಿಯಲ್ಲಿ ಕಾಶಿಗೆ ಇಳಿದೆವು. ಪಿಂಡ ಇಟ್ಟಾಯಿತು. ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಒಂದು ಪದಾರ್ಥವನ್ನು ಗಂಗೆಯಲ್ಲಿ ಬಿಟ್ಟು ಬರಬೇಕಲ್ಲ, ಸಾಯುವ ತನಕ ಅದನ್ನು ಮುಟ್ಟಕೂಡದು. ಸೊಂಟದ ತನಕ ನೀರಿನಲ್ಲಿ ನಿಂತು ಅತ್ತೆ ಕಣ್ಣು ಮುಚ್ಚಿ, "ನಾನು ಅವರೆಕಾಯಿ ಬಿಟ್ಟೆ ಕಣಪ್ಪ ವಿಶ್ವನಾಥ" ಎಂದರು. ನನಗೆ ಜೀವ ಚುರುಕ್ಕೆಂದಿತು. ನಮ್ಮ ಕಡೆಯವರಿಗೆ ಅವರೆಕಾಯಿ ಎಂದರೆ ಏನೆಂದು ಹೇಳಬೇಕೆ? ಅತ್ತೆ ಆ ಕಾಲ ಬಂದರೆ ಮೂರು ಹೊತ್ತೂ ಅದನ್ನೇ ಉಣ್ಣುತ್ತಿದ್ದರು. ನಾನು ಹಲಸಿನ ಹಣ್ಣು ಬಿಟ್ಟೆ. ಇವರ ಸರದಿ ಬಂತು. ನನ್ನ ಕಡೆ ಕಣ್ಣು ಮಿಟುಕಿಸಿ, ದೊಡ್ಡ ಗಂಟಲಲ್ಲಿ, "ರಾಗಿ ಮುದ್ದೆ ಬಿಟ್ಟೆ!" ಎಂದು ಮುಳುಗೆದ್ದರು.

ಅತ್ತೆ ಕಣ್ಣು ಕಣ್ಣು ಬಿಟ್ಟರು. "ಲೋ ನಂಜ, ಏನೋ ಅಂದೆ? ಮುದ್ದೇನ ಯಾರಾದ್ರೂ ಬಿಡ್ತಾರೇನೋ?"

"ಯಾಕವ್ವ, ನನಗೆ ಇಷ್ಟವಾದ್ದೇ ತಾನೆ ಬಿಡಬೇಕು? ಅದಕ್ಕಿಂತ ಇಷ್ಟವಾದ್ದು ಇನ್ಯಾವುದೈತೆ?"

ದಡ ಹತ್ತಿ ಬಟ್ಟೆ ಹಿಂಡುವಾಗ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಮುದ್ದೆ ಮುಖ ನೋಡಿ ಎಷ್ಟು ದಿನ ಆಯ್ತು ಹೇಳು. ಬೊಂಬಾಯಿನಾಗೆ ಯಾರು ತೊಳಸಿ ಹಾಕ್ತಾರೆ ನನಗೆ? ಸಿಗದೇ ಇರೋದನ್ನ ಬಿಟ್ರೆ ದೇವರಿಗೂ ಸೈ, ನನಗೂ ಸೈ."

"ಊರಿಗೆ ಹೋದಾಗ?"

"ಹಬ್ಬಕ್ಕೆ ಎರಡು ದಿನ ಹೋದ್ರೆ ಅವ್ವ ಅನ್ನಾನೇ ಮಾಡ್ತಾಳೆ. ಇನ್ನೇನು ಅಲ್ಲೇ ಹೋಗಿ ಬೇರು ಬಿಡ್ತೀವಾ?"

ನನಗೂ ಆ ಜಾಣತನ ಕಂಡು ನಗು ಬಂತು. ಸುಳ್ಳೇಕೆ ಹೇಳಲಿ, ಹಲಸಿನ ಹಣ್ಣು ಬಿಟ್ಟು ನಾನೇ ದಡ್ಡಿಯಾದೆನಲ್ಲಾ ಎಂದುಕೊಂಡೆ.

ಬೊಂಬಾಯಿಯಲ್ಲಿ ಹದಿನೈದು ದಿನ ಇದ್ದು ಅತ್ತೆ ಊರಿಗೆ ಹೊರಡುವವರ ಜೊತೆ ವಾಪಸಾದರು. ನಮಗೆ ಸಿಕ್ಕಿದ್ದು ಚಾಳಿನ ನೆಲಮಾಳಿಗೆಯಂಥ ಕೋಣೆ, ಗೋಡೆಗೆ ಕೈಯಿಟ್ಟರೆ ಒದ್ದೆ. ಭಾನುವಾರ ಮಾತ್ರ ನಾವು ರಾಜರು. ಇರಾನಿಯವನ ಅಂಗಡಿಯಲ್ಲಿ ಬನ್ನನ್ನು ಚಹಾಕ್ಕೆ ಅದ್ದಿ ತಿಂದು, ಚೌಪಾಟಿಗೆ ಹೋಗಿ ಭೇಲ್‌ಪುರಿ ತಿನ್ನುವುದು. ಹುಣಸೆ ನೀರಿನ ಆ ಹುಳಿಗೆ ಅವರು ಕಣ್ಣು ಚಿಕ್ಕದು ಮಾಡಿ ನಾಲಿಗೆ ಚಪ್ಪರಿಸುವುದನ್ನು ನೋಡಲೆಂದೇ ನಾನು ಹೋಗುತ್ತಿದ್ದೆ. ಯುದ್ಧ ಮುಗಿದ ಮಳೆಗಾಲದಲ್ಲಿ ಕೆಮ್ಮು ಶುರುವಾಯಿತು. ಹವಾ ಒಗ್ಗಲಿಲ್ಲ ಎಂದರು, ಬೀಡಿ ಹೊಗೆ ಎಂದರು. ಮುಂದಿನ ವರ್ಷ ಒಂದು ಭಾನುವಾರ ಚೌಪಾಟಿಯ ಮರಳಿನ ಮೇಲೆ ಕೆಮ್ಮಿ ಬಗ್ಗಿದರು, ಕೈವಸ್ತ್ರದಲ್ಲಿ ರಕ್ತ. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ನಿನ್ನ ಭೇಲು ಮುಗಿಸು" ಎಂದರು.

ಆಸ್ಪತ್ರೆಯಲ್ಲಿ ಕ್ಷಯ ಎಂದು ಹೇಳಿ, ಊರಿದ್ದರೆ ಊರಿಗೆ ಹೋಗಿ, ಒಳ್ಳೆ ಗಾಳಿ, ಒಳ್ಳೆ ಊಟ ಎಂದರು. ಆಗ ಆ ರೋಗಕ್ಕೆ ಬೇರೆ ಮದ್ದೂ ಇರಲಿಲ್ಲ. ದೀಪಾವಳಿ ಕಳೆದು ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ಇಳಿದಾಗ ಅತ್ತೆ ಗಾಡಿ ಕಟ್ಟಿಸಿಕೊಂಡು ಬಂದು ಕಾಯುತ್ತಿದ್ದರು. ಮಗನನ್ನು ನೋಡಿ ಗುರುತು ಹಿಡಿಯಲಿಲ್ಲ. ಗುರುತು ಹತ್ತಿದ ಮೇಲೆ ಗಾಡಿಯ ಚಕ್ರ ಹಿಡಿದುಕೊಂಡು ನಿಂತರು. ಹುಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿಸಿ ಹೊರಟೆವು. ಎರಡೂ ಕಡೆ ಹೊಲಗಳಲ್ಲಿ ರಾಗಿ ಕೊಯ್ಲಿಗೆ ಬಂದಿತ್ತು. ಅವರು ಮೊಣಕೈ ಊರಿ ಎದ್ದು ನೋಡಿ, "ಅವ್ವ, ಹೋದ ತಕ್ಷಣ ಬಿಸಿ ಮುದ್ದೆ ಹಾಕ್ತೀಯಾ?" ಎಂದರು. ಅಂದವರೇ ಕಾಶಿ ನೆನಪಾಗಿ ಮತ್ತೆ ಕಂಬಳಿಯ ಮೇಲೆ ಒರಗಿದರು.

ಅತ್ತೆ ತಿರುಗಿ ಕೂಡ ನೋಡಲಿಲ್ಲ. "ಗಂಗೆ ಕೈಗೆ ಕೊಟ್ಟು ಬಂದದ್ದಪ್ಪ ಅದು. ಅನ್ನ ಮಾಡಿಟ್ಟಿದೀನಿ" ಎಂದರು.

ಅನ್ನ ಎಂದರೇನು ಸುಲಭವೇ ಆಗ? ನಮ್ಮ ಬಯಲುಸೀಮೆಯ ಮನೆಗಳಲ್ಲಿ ಅಕ್ಕಿ ಕಾಣುವುದೇ ಹಬ್ಬಕ್ಕೆ. ಆ ವರ್ಷವಂತೂ ರೇಷನ್ನು, ಪಟ್ಟಣದಲ್ಲೂ ಸಿಗದು. ಅತ್ತೆ ಮನೆಯ ರಾಗಿ ಕೊಟ್ಟು ಕೆರೆ ಬಯಲಿನವರಿಂದ ಅಕ್ಕಿ ತರುತ್ತಿದ್ದರು, ಅದೂ ಸಾಲದಿದ್ದರೆ ನುಚ್ಚು. ಹಾಲು, ಮೊಟ್ಟೆ, ನಾಟಿ ಕೋಳಿ ಸಾರು, ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೆ ಅವರಿಗೆ ಬಾಯಿ ಸತ್ತುಹೋಗಿತ್ತು. ಅನ್ನವನ್ನು ಬೆರಳಲ್ಲಿ ಆಡಿಸಿ ತಟ್ಟೆ ಸರಿಸುತ್ತಿದ್ದರು. ನಾಲ್ಕು ಪಟ್ಟಣದ ತಿಂಡಿ ತೀರ್ಥವೆಲ್ಲ ತಿಂದು ಬಂದ ಮನುಷ್ಯನಿಗೆ ಮುದ್ದೆಯೊಂದೇ ಧ್ಯಾನ. ಹೇಳುತ್ತಿರಲಿಲ್ಲ. ಮಧ್ಯಾಹ್ನ ಅಡಿಗೆಮನೆಯಲ್ಲಿ ನಾನು ಕೋಲು ಹಿಡಿದು ತೊಳಸುವ ಸದ್ದಾದರೆ ಪಡಸಾಲೆಯಲ್ಲಿ ಕೆಮ್ಮು ನಿಲ್ಲುತ್ತಿತ್ತು, ಅಷ್ಟೇ. ನಾವು ಉಣ್ಣುವುದು ಕಾಣದಿರಲೆಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆವು. ವಾಸನೆಯನ್ನು ಏನು ಮಾಡುವುದು?

ಮಾರ್ಗಶಿರದಲ್ಲಿ ದೊಡ್ಡಬಳ್ಳಾಪುರದಿಂದ ಡಾಕ್ಟರರನ್ನು ಕರೆಸಿದೆವು. ವಯಸ್ಸಾದವರು, ಮೃದು ಮಾತು. ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಹೊರಗೆ ಬಂದು ಅತ್ತೆಗೆ, "ಏನು ಕೇಳ್ತಾರೋ ಕೊಡಿ ತಾಯಿ. ಪಥ್ಯ ಏನೂ ಬೇಡ" ಎಂದರು. ಆ ಮಾತಿನ ಅರ್ಥ ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ? ಅತ್ತೆ ಅವರ ಚೀಲ ಎತ್ತಿ ಗಾಡಿಗಿಟ್ಟು ಬಂದು, ಜಗಲಿಯ ಮೇಲೆ ಕೂತು, ಮೊರದಲ್ಲಿದ್ದ ಅವರೆಕಾಯಿ ಬಿಡಿಸತೊಡಗಿದರು. ತಾವು ಬಿಟ್ಟದ್ದನ್ನು ನಮಗಾಗಿ ಬಿಡಿಸುವುದು, ಹಿತುಕುವುದು, ಸಾರು ಮಾಡುವುದು. ಒಂದು ದಿನವೂ ಬೆರಳು ನೆಕ್ಕಿ ಉಪ್ಪು ನೋಡಿದವರಲ್ಲ. "ಉಪ್ಪು ನೋಡೇ" ಎಂದು ನನ್ನನ್ನೇ ಕರೆಯುತ್ತಿದ್ದರು. ಅಂಥವರ ಮುಂದೆ ಮುದ್ದೆ ಮಾತು ಎತ್ತಲು ಯಾರಿಗೆ ಧೈರ್ಯ?

ಆ ಮಾರನೆಯ ದಿನದಿಂದ ಅತ್ತೆ ಮಧ್ಯಾಹ್ನ ಮನೆಯಲ್ಲಿ ನಿಲ್ಲಲಿಲ್ಲ. ಎಸರಿಟ್ಟು, ರಾಗಿಹಿಟ್ಟು ಅಳೆದು ಪಕ್ಕದಲ್ಲಿಟ್ಟು, "ಹೊಲದ ಕಡೆ ಹೋಗಿ ಬರ್ತೀನಿ ಕಣೇ, ಹೊತ್ತಾಗ್ತದೆ, ನನ್ನ ಕಾಯಬೇಡ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುವರು. ಕೊಯ್ಲು ಮುಗಿದ ಹೊಲದಲ್ಲಿ ಇವರಿಗೇನು ಕೆಲಸ ಎಂದು ನನಗೆ ಸಿಟ್ಟೂ ಬರುತ್ತಿತ್ತು. ಮಗ ಈ ಸ್ಥಿತಿಯಲ್ಲಿರುವಾಗ ಮನಸ್ಸಾದರೂ ಹೇಗೆ ಬರುತ್ತದೆ ಎಂದು ಬೈದುಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷದ ಹುಡುಗಿ, ನನಗೆ ತಿಳಿದದ್ದು ಅಷ್ಟು.

ಸಂಕ್ರಾಂತಿಗೆ ಎಂಟು ದಿನ ಇರುವಾಗ ಒಂದು ಮಧ್ಯಾಹ್ನ ಪಡಸಾಲೆಯಿಂದ ಅವರು ಕರೆದರು. ದನಿ ಇಷ್ಟೇ ಇಷ್ಟು.

"ಜಯ, ಅವ್ವ ಹೋದ್ಲಾ?"

"ಹೂಂ, ಹೊಲಕ್ಕೆ."

"ಒಂದು ತುತ್ತು ತಂದುಕೊಡೇ. ಬಿಸಿಯಾಗಿ. ಒಂದೇ ಒಂದು."

"ಏನು ತರಲಿ?" ಎಂದೆ, ಗೊತ್ತಿದ್ದೂ.

ಅವರು ನಕ್ಕರು. "ಲಾಲ್‌ಬಾಗಿನ ದೋಸೆ ಕೇಳ್ತಿದೀನಾ ನಾನು? ತಗೊಂಬಾ. ವಿಶ್ವನಾಥನಿಗೆ ನಾನೇ ಹೇಳ್ಕೋತೀನಿ, ಹೆಂಗೂ ಹತ್ರ ಹೋಗ್ತಿದೀನಿ."

ನಾನು ಅಳುತ್ತಲೇ ಮುದ್ದೆ ತೊಳಸಿದೆ. ಹಸುವಿನ ತುಪ್ಪ ಹಚ್ಚಿದ ಕೈಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಮುದ್ದೆ ಕಟ್ಟಿ, ತಟ್ಟೆಯಲ್ಲಿಟ್ಟು, ಹಿತುಕಿದ ಬೇಳೆ ಸಾರು ಬಿಟ್ಟು ತಂದೆ. ದಿಂಬಿಗೆ ಒರಗಿಸಿ ಕೂರಿಸಿದೆ. ಕೈ ತೊಳೆಸಿದೆ. ಅವರು ತಟ್ಟೆಯ ಮೇಲೆ ಬಗ್ಗಿ ಉಸಿರೆಳೆದುಕೊಂಡರು, ಮುಖವೆಲ್ಲ ಅರಳಿತು. ಬೆರಳು ಮುದ್ದೆಗೆ ತಾಕುವ ಹೊತ್ತಿಗೆ ನನಗೆ ಭಯ ಹತ್ತಿತು. ಇದನ್ನು ತಿಂದು ಏನಾದರೂ ಆದರೆ? ಇವತ್ತೇ ಆದರೆ? ನನ್ನ ಕೈಯಾರೆ ನನ್ನ ತಾಳಿ ಕಿತ್ತುಕೊಂಡಂತೆ ಆಗುವುದಿಲ್ಲವೇ? ಅತ್ತೆಗೆ ಯಾವ ಮುಖ ತೋರಿಸಲಿ? ತಟ್ಟೆಯನ್ನು ಎಳೆದುಕೊಂಡುಬಿಟ್ಟೆ.

"ಬೇಡ ಕಣ್ರೀ. ನನಗೆ ಭಯ ಆಗ್ತದೆ. ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ."

ಅವರ ಕೈ ಹಾಗೇ ಗಾಳಿಯಲ್ಲಿ ಇತ್ತು. ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು. "ಸರಿ ಬಿಡು, ಅಳಬೇಡ. ನೀನು ಉಂಡುಬಿಡು, ಆರಿಹೋಗ್ತದೆ" ಎಂದು ಗೋಡೆಯ ಕಡೆ ತಿರುಗಿದರು. ನಾನು ಅದನ್ನು ಹಿತ್ತಲಿಗೆ ಒಯ್ದು ಕೋಳಿಗಳಿಗೆ ಹಾಕಿದೆ. ಮತ್ತೆ ಅವರು ಕೇಳಲಿಲ್ಲ. ನಾನೂ ಕೊಡಲಿಲ್ಲ. ಅತ್ತೆ ದಿನವೂ ಮಧ್ಯಾಹ್ನ ಹೋಗುತ್ತಲೇ ಇದ್ದರು, ಸಂಜೆ ಬಂದು ಮೊದಲು ಮುದ್ದೆ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು.

ಸಂಕ್ರಾಂತಿಯ ಮಾರನೆಯ ದಿನ, ಬೆಳಕು ಹರಿದು ದನ ಬಿಡುವ ಹೊತ್ತಿನಲ್ಲಿ ನಮ್ಮ ಯಜಮಾನರು ಹೋಗಿಬಿಟ್ಟರು. ಇಪ್ಪತ್ತೊಂಬತ್ತು ವರ್ಷ.

ಹನ್ನೊಂದನೆಯ ದಿನ ತಿಥಿ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಲ್ಲಿ ಇಡುವುದು ನಮ್ಮ ಪದ್ಧತಿ. ನೆಂಟರು ವಡೆ ಎಂದರು, ಕಜ್ಜಾಯ ಎಂದರು, ಅವನಿಗೆ ಪಟ್ಟಣದ ಕಾಫಿ ಇಷ್ಟ, ಅದನ್ನೂ ಇಡಿ ಎಂದರು. ಅತ್ತೆ ಎಲ್ಲವನ್ನೂ ಇಡಿಸಿದರು. ಆಮೇಲೆ ಯಾರನ್ನೂ ಕೇಳದೆ ಅಡಿಗೆಮನೆಗೆ ಹೋಗಿ, ತಾವೇ ಕೋಲು ಹಿಡಿದು ಮುದ್ದೆ ತೊಳಸಿದರು. ದೊಡ್ಡ ಮುದ್ದೆ, ಹೊಲ ಉಳುವ ಗಂಡಸರಿಗೆ ಕಟ್ಟುವಂಥದ್ದು. ಎಡೆಯ ನಡುವೆ ಇಟ್ಟು, "ಉಣ್ಣು ನಂಜ. ಈಗ ಯಾರ ಹಂಗೂ ಇಲ್ಲ ಕಣಪ್ಪ" ಎಂದರು. ಅಲ್ಲಿಯ ತನಕ ಒಂದು ಹನಿ ಕಣ್ಣೀರು ಹಾಕದಿದ್ದ ಹೆಂಗಸು ಅಂದು ಅತ್ತದ್ದು ಕೇಳಿ ಬೀದಿಯವರೆಲ್ಲ ಬಂದರು.

ನೆಂಟರ ಊಟವಾದ ಮೇಲೆ ಅಡಿಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ಹನ್ನೊಂದು ದಿನದಿಂದ ಅವರು ಮಜ್ಜಿಗೆ ಬಿಟ್ಟು ಏನೂ ಮುಟ್ಟಿರಲಿಲ್ಲ. ನಾನು ತಟ್ಟೆ ತಂದಿಟ್ಟೆ. ಅವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಜಯ, ದಿನಾ ಮಧ್ಯಾಹ್ನ ನಾನು ಎಲ್ಲಿಗೆ ಹೋಗ್ತಿದ್ದೆ ಗೊತ್ತೇನೇ?"

"ಹೊಲಕ್ಕಲ್ವಾ ಅತ್ತೆ?"

"ಹೊಲದಾಗೆ ನಂದೇನು ಕೆಲಸ? ಬೇಲಿ ಮಗ್ಗುಲಾಗೆ ಕೂತಿರ್ತಿದ್ದೆ. ಹೆತ್ತೋಳು ನಾನು. ದೇವರ ಮುಂದೆ ಬಿಟ್ಟದ್ದನ್ನ ನನ್ನ ಕೈಯಾರೆ ಕೊಡೋಕಾಗ್ಲಿಲ್ಲ. ಕೊಡಬೇಡ ಅನ್ನೋಕೂ ಆಗ್ಲಿಲ್ಲ. ನಾನು ಎದುರಿಗಿಲ್ದೇ ಇದ್ರೆ ನೀನು ಕೊಡ್ತೀಯ ಅಂತ ಹೊರಟೋಗ್ತಿದ್ದೆ." ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಕೊಟ್ಟಿದ್ದೆ ತಾನೇ?"



"ಹೂಂ ಅತ್ತೆ. ಕೊಟ್ಟಿದ್ದೆ."

"ಎಷ್ಟು ತಿಂದ?"

"ಎರಡು ಮುದ್ದೆ ತಿಂದ್ರು ಅತ್ತೆ. ಇನ್ನೊಂಚೂರು ಸಾರು ಬಿಡು ಅಂತ ಕೇಳಿ ಬಿಡಿಸ್ಕೊಂಡ್ರು."

ಅತ್ತೆ ಕಣ್ಣು ಮುಚ್ಚಿ ತಲೆಯಾಡಿಸಿದರು. ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಹೊಟ್ಟೆ ತುಂಬ ಊಟ ಮಾಡಿದರು.